ಬಕಾಸುರನ ಅಪ್ಪನ ಮಗಳು

"ಕೈ ತೆಗೀಬೇಡಿ! ಟ್ಯಾಂಕ್ ಇನ್ನೂ ತುಂಬಿಲ್ಲ!"

ಕೆಲಸ ಕೇಳಿಕೊಂಡು ಬಂದಿದ್ದ ಅವಳ ಕೂಗಿಗೆ ಪೆಟ್ರೋಲ್ ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾರಿನ ಪಕ್ಕ ಮಂಡಿಯೂರಿ ಪೈಪು ಹಿಡಿದು ಕೂತಿದ್ದವನೂ ತಿರುಗಿದ.

ಅವನೇ!

ಮೂರು ವರ್ಷದಿಂದ ಮೊಬೈಲಿನಲ್ಲಿ ನೋಡಿ ನೋಡಿ ಅವಳು ಶಪಿಸಿದ್ದ ಅದೇ ಮುಖ. ಅದೇ ಅರ್ಧ ನಗು. ಎದುರಿಗೆ ನೋಡಿದರೆ ಇನ್ನೂ ಸ್ವಲ್ಪ ಎತ್ತರ, ಕಣ್ಣಲ್ಲಿ ಇನ್ನೂ ಸ್ವಲ್ಪ ತುಂಟತನ... ಇರಲಿ, ಅವನ ಅಂದಚಂದ ಕಟ್ಟಿಕೊಂಡು ಅವಳಿಗೇನಾಗಬೇಕು!

"ಟಕ್ ಅಂತ ತಾನೇ ನಿಲ್ತಲ್ಲ ಮೇಡಂ, ಕೇಳಿಸ್ಲಿಲ್ವಾ?" ಎಂದ ಅವನು.

"ಟಕ್ ಅಂದಿದ್ದು ನೊರೆಗೆ, ಪೆಟ್ರೋಲಿಗಲ್ಲ. ನೊರೆ ಇಳಿಯೋಕೆ ಬಿಡಿ, ಆಮೇಲೆ ನಿಧಾನಕ್ಕೆ ಕತ್ತಿನ ತನಕ ತುಂಬಿಸಿ. ಇಲ್ಲಾಂದ್ರೆ ನಾಳೆ ಲೆಕ್ಕ ತಪ್ಪುತ್ತೆ. ತಪ್ಪು ಮಾಡೋದು ನಿಮ್ಮ ಕೈ, ಬೈಸಿಕೊಳ್ಳೋದು ಪಾಪದ ಕಾರು!"

ಕೊನೆಯ ಮಾತು ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಅವನು ಕಾದ. ನೊರೆ ಇಳಿಯಿತು. ಮತ್ತೆ ಒಂದು ಲೀಟರಿಗೂ ಹೆಚ್ಚು ಪೆಟ್ರೋಲ್ ಒಳಗೆ ಹೋಯಿತು.

ಅವನು ಎದ್ದು ಕೈ ಒರೆಸಿಕೊಂಡ. "ಬೆಳಗ್ಗಿಂದ ಆರು ಜನ ಬಂದ್ರು ಕೆಲಸ ಕೇಳ್ಕೊಂಡು. ಎಲ್ಲರ ಎದುರಿಗೂ ಬೇಕಂತಲೇ ಮೊದಲನೇ ಟಕ್‌ಗೆ ಪೈಪ್ ತೆಗೆದೆ. ಒಬ್ರೂ ಬಾಯಿ ಬಿಡ್ಲಿಲ್ಲ. ನೀವು ನೋಡಿದ್ರೆ ನನ್ನ ಮೈಮೇಲೇ ಬಂದ್ರಿ! ನಾಳೆಯಿಂದ ಬನ್ನಿ ಇಂಜಿನಿಯರಮ್ಮ."

ಬೇಕಂತಲೇ!

ಅವಳ ಎದೆಯೊಳಗೆ ಏನೋ ಭಗ್ಗೆಂದು ಹತ್ತಿಕೊಂಡಿತು. ಹಾಗಾದರೆ ಇವನಿಗೆ ಎಲ್ಲಾ ಗೊತ್ತು. ಒಂದೊಂದು ತೊಟ್ಟು ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರುವ ಮನುಷ್ಯ ಅಪ್ಪನ ಕಾರಿನ ಲೆಕ್ಕ ತಪ್ಪುತ್ತಾನೆಯೇ? ಸಾಧ್ಯವೇ ಇಲ್ಲ. ಅದು ತಪ್ಪಿದ ಲೆಕ್ಕವಲ್ಲ, ತಪ್ಪಿಸಿದ ಲೆಕ್ಕ. ಯಾರೋ ದೊಡ್ಡ ಕಂಪನಿಯವರು ಇವನ ಕೈ ಬೆಚ್ಚಗೆ ಮಾಡಿದ್ದಾರೆ!

"ಬರ್ತೀನಿ," ಎಂದಳು.

ನಿನ್ನ ಅಂಗಡಿ ಮುಚ್ಚಿಸೋಕೇ ಬರ್ತೀನಿ ಕಣೋ... ಇದನ್ನು ಮಾತ್ರ ಮನಸ್ಸಿನಲ್ಲೇ ಹೇಳಿಕೊಂಡಳು.

ಅಲ್ಲ, ಒಬ್ಬ ಕಾರಿನ ಹುಚ್ಚನ ಮೇಲೆ ಇಷ್ಟು ದ್ವೇಷ ಏಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಅವನನ್ನು ಎಲ್ಲರೂ ಕರೆಯುವುದು 'ಲೀಟರ್' ಎಂದು. ಹೊಸ ಕಾರು ಬಂದರೆ ಸಾಕು, ಅವನು ಅದನ್ನು ಓಡಿಸಿ, ಅಳೆದು, ತನ್ನ ವಿಡಿಯೊ ಕಾರ್ಯಕ್ರಮದಲ್ಲಿ ತೀರ್ಪು ಕೊಡುತ್ತಿದ್ದ. ಅವನು ಚೆನ್ನಾಗಿದೆ ಎಂದರೆ ಶೋರೂಮಿನ ಮುಂದೆ ಸಾಲು. ಚೆನ್ನಾಗಿಲ್ಲ ಎಂದರೆ ಮುಗಿಯಿತು ಕತೆ.

ಅವಳ ಅಪ್ಪ ಒಂದು ಪುಟ್ಟ ಕಾರ್ ಕಂಪನಿಯಲ್ಲಿ ಇಂಜಿನ್ ವಿನ್ಯಾಸ ಮಾಡುತ್ತಿದ್ದರು. ಅವರ ಆಯುಷ್ಯದ ಕನಸು ಒಂದೇ ಒಂದು ಕಾರು, ಗುಬ್ಬಿ. ಹಗುರ ಮೈ, ಚಿಕ್ಕ ಇಂಜಿನ್, ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್. ಕಂಪನಿಯವರು ಗುಬ್ಬಿಯನ್ನು ಪರೀಕ್ಷೆಗೆಂದು ಲೀಟರಿಗೆ ಕೊಟ್ಟರು. ಅವನು ಅಳೆದ. ಹದಿನೈದು ಬಂತು!

"ಇದು ಗುಬ್ಬಿ ಅಲ್ಲ ಸ್ವಾಮಿ, ಬಕಾಸುರ! ಪೆಟ್ರೋಲ್ ಬಕಾಸುರ!" ಎಂದು ಕ್ಯಾಮೆರಾ ಎದುರು ಹೊಟ್ಟೆ ಹಿಡಿದುಕೊಂಡು ನಕ್ಕ. ನೋಡಿದವರೆಲ್ಲ ನಕ್ಕರು. ಬುಕ್ ಮಾಡಿದ್ದವರು ಹಿಂದೆ ಸರಿದರು. ವರ್ಷ ತುಂಬುವ ಮೊದಲೇ ಗುಬ್ಬಿಯ ತಯಾರಿಕೆ ನಿಂತಿತು, ಅಪ್ಪನ ಕೆಲಸವೂ ಹೋಯಿತು. ಬೀದಿಯಲ್ಲಿ ಜನ ಅವರಿಗೆ ಹೊಸ ಹೆಸರಿಟ್ಟರು. ಬಕಾಸುರನ ಅಪ್ಪ!

ಅಷ್ಟಾಗಿದ್ದರೂ ಅವಳು ಸಹಿಸುತ್ತಿದ್ದಳೇನೋ. ಸಹಿಸಲಾಗದ್ದು ಬೇರೆ ಇತ್ತು. ಅಪ್ಪ ಆ ಪರೀಕ್ಷೆಯ ಕಾರನ್ನು ವಾಪಸ್ ತರಿಸಿ, ಒಂದೊಂದು ಸ್ಕ್ರೂ ಬಿಚ್ಚಿ ನೋಡಿದ್ದರು. ಎಲ್ಲೂ ದೋಷ ಸಿಗಲಿಲ್ಲ. ಮತ್ತೊಮ್ಮೆ ಓಡಿಸಿ ಅಳೆಯುವ ಧೈರ್ಯವೂ ಉಳಿದಿರಲಿಲ್ಲ. ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು, "ನನ್ನ ಲೆಕ್ಕವೇ ತಪ್ಪಿರಬೇಕು ಪುಟ್ಟಿ. ಮೂವತ್ತು ವರ್ಷ ನಾನು ತಪ್ಪನ್ನೇ ಸರಿ ಅಂದ್ಕೊಂಡಿದ್ದೆ ಅನ್ಸುತ್ತೆ," ಎಂದರು.

ಅವತ್ತಿನಿಂದ ಆ ಕೈ ಒಂದು ಮೊಳೆಯನ್ನೂ ಮುಟ್ಟಿಲ್ಲ. ಮನೆಯ ಮುಂದೆ ನಿಂತ ಸ್ವಂತ ಗುಬ್ಬಿಗೆ ಮುಸುಕು ಹಾಕಿದವರು ಅದನ್ನು ಮತ್ತೆ ತೆಗೆದಿಲ್ಲ.

"ಮೊದಲು ಪಕ್ಕದ ಮನೆ ಮಿಕ್ಸಿ ಸದ್ದು ಕೇಳಿ, ಬೇರಿಂಗ್ ಹೋಗಿದೆ ನೋಡು ಅಂತಿದ್ರು," ಎನ್ನುತ್ತಿದ್ದಳು ಅಮ್ಮ. "ಈಗ ನಮ್ಮ ಮಿಕ್ಸಿಲೇ ಹೊಗೆ ಬಂದ್ರೂ ಪೇಪರಿಂದ ತಲೆ ಎತ್ತಲ್ಲ. ಜಗಳ ಆಡೋಣ ಅಂದ್ರೂ ಮನುಷ್ಯ ಸಿಗ್ತಾ ಇಲ್ಲ ಕಣೇ ನಂಗೆ!"

ಅಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ಮಗಳು ತೀರ್ಮಾನಿಸಿದ್ದಳು. ಅಪ್ಪನ ತಲೆ ಎಷ್ಟು ಜನರ ಎದುರು ತಗ್ಗಿತೋ, ಅವನ ತಲೆಯೂ ಅಷ್ಟೇ ಜನರ ಎದುರು ತಗ್ಗಬೇಕು. ಅದಕ್ಕಿಂತ ಒಬ್ಬ ಕಡಿಮೆಯಾದರೂ ಅವಳಿಗೆ ಸಮಾಧಾನವಿಲ್ಲ!

ಕೆಲಸಕ್ಕೆ ಸೇರಿದಳು. ಅವನ ಶೆಡ್ಡಿನಲ್ಲಿ ಕಾರು ಸಿದ್ಧ ಮಾಡುವುದು, ಓಡಿಸುವಾಗ ಪಕ್ಕದಲ್ಲಿ ಕೂತು ಅಂಕಿ ನೋಡುವುದು ಅವಳ ಪಾಲಿಗೆ ಬಂತು. ಅವನ ಹುಳುಕು ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಉಂಟೇ?

ಆದರೆ ಹುಳುಕೇ ಸಿಗಲಿಲ್ಲ. ಕಂಪನಿಯವರು ಕಳಿಸಿದ ಉಡುಗೊರೆ ಬಾಗಿಲಿನಿಂದಲೇ ವಾಪಸ್ ಹೋಗುತ್ತಿತ್ತು. ಪ್ರತಿ ಕಾರಿಗೂ ಅದೇ ರಸ್ತೆ, ಅದೇ ಬಂಕು, ಪ್ರಯಾಣಿಕರ ಭಾರಕ್ಕೆಂದು ಹಿಂದಿನ ಸೀಟಿಗೆ ಅದೇ ಎರಡು ಮರಳಿನ ಚೀಲ.

ನಾಟಕ! ಎಂದುಕೊಂಡಳು. ಎಷ್ಟು ದಿನ ಆಡ್ತೀಯೋ ನೋಡೋಣ.

ಬಾಯಿ ಮಾತ್ರ, ಅಬ್ಬಬ್ಬಾ! ಕಾರು ಹೊರಟರೆ ಅದೂ ಹೊರಡುತ್ತಿತ್ತು.

"ಈ ಕಂಪನಿಯವರು ಇಪ್ಪತ್ತೆಂಟು ಬರುತ್ತೆ ಅಂತಾರೆ. ಬರುತ್ತೆ, ಯಾಕೆ ಬರಲ್ಲ? ಹುಟ್ಟಿದಾಗಿಂದ ಸಾಯೋವರೆಗೂ ಇಳಿಜಾರಲ್ಲೇ ಓಡಿಸಿದ್ರೆ!"

"ಟರ್ಬೊ ಕಾರು ಕಡಿಮೆ ಕುಡಿಯಲ್ವಾ?" ಎಂದು ಅವಳು ಕೆಣಕಿದಳು.

"ಟರ್ಬೊ ಅನ್ನೋದು ಮನೆಗೆ ಬಂದ ಅಳಿಯ ಇದ್ದ ಹಾಗೆ. ಮಲಗಿದ್ರೆ ಏನೂ ಕೇಳಲ್ಲ. ಎಬ್ಬಿಸಿದ್ರೋ, ಅಡುಗೆಮನೆ ಖಾಲಿ! ಇನ್ನು ಇವರ ಪಿಕಪ್ ನೋಡಿ. ಸೊನ್ನೆಯಿಂದ ನೂರಕ್ಕೆ ಎಂಟೇ ಸೆಕೆಂಡಂತೆ. ಹೋಗೋದೆಲ್ಲಿಗೆ? ಮುಂದಿನ ಸಿಗ್ನಲ್‌ಗೆ!"

ನಗು ಉಕ್ಕಿ ಬಂತು. ಅವಳು ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು. ಛೀ! ಇದೇ ನಾಲಿಗೆ ಅಲ್ಲವೇ ಅಪ್ಪನನ್ನು ಜೀವಂತ ಕೊಂದದ್ದು?

"ಮೈಲೇಜ್ ಒಂದೇ ಅಲ್ಲ ಕಾರು ಅಂದ್ರೆ," ಎಂದಳು ಬಿಗಿಯಾಗಿ. "ತಿರುವಿನಲ್ಲಿ ನಾವು ಮನಸ್ಸು ಮಾಡೋ ಮುಂಚೆ ಅದು ತಿರುಗಿರಬೇಕು."

ಅವನು ಕಾರಿನ ವೇಗ ಇಳಿಸಿದ. "ಈ ಮಾತು... ಎಲ್ಲೋ ಕೇಳಿದ್ದೀನಿ," ಎಂದ. ಆಮೇಲೆ ಶೆಡ್ಡು ತಲುಪುವವರೆಗೂ ತುಟಿ ಬಿಚ್ಚಲಿಲ್ಲ.

ಅದು ಅಪ್ಪನ ಮಾತು. ಗುಬ್ಬಿ ಬಿಡುಗಡೆಯಾದ ದಿನ ವೇದಿಕೆಯ ಮೇಲೆ ಅಪ್ಪ ಹೇಳಿದ್ದು.

ಅವನ ಬಳಿ ಗಾಳಿ ಅಳೆಯುವ ಒಂದು ಹಳೆಯ ಗೇಜ್ ಇತ್ತು. ಹಿತ್ತಾಳೆಯದು, ದುಂಡಗಿನ ಮುಖ, ಒಳಗೊಂದು ಮುಳ್ಳು. ಯಾವ ಕಾರೇ ಇರಲಿ, ಅದರ ಟೈರಿಗೆ ಗಾಳಿ ಹಾಕುವಾಗ ಅವನು ಬಂಕಿನ ಮೀಟರ್ ನಂಬುತ್ತಿರಲಿಲ್ಲ. ಕೊನೆಗೆ ತನ್ನ ಕೈಯಾರೆ, ತನ್ನ ಗೇಜಿನಲ್ಲೇ ನೋಡಬೇಕು.

"ನಮ್ಮ ಸೋದರಮಾವಂದು," ಎಂದ ಒಂದು ದಿನ, ಅದನ್ನು ಅಂಗಿಯ ತುದಿಯಿಂದ ಒರೆಸುತ್ತ. "ಅಪ್ಪ ಅಮ್ಮ ಇಲ್ಲದ ನನ್ನನ್ನ ಟ್ಯಾಕ್ಸಿ ಓಡಿಸಿ ಸಾಕಿದ್ದು ಅವರೇ. ತೀರಿಹೋಗೋ ಮುಂಚೆ ಇದನ್ನ ನನ್ನ ಕೈಲಿಟ್ಟು, ಮನುಷ್ಯರು ಸುಳ್ಳು ಹೇಳ್ತಾರೆ ಮಗಾ, ಇದು ಹೇಳಲ್ಲ ಅಂದ್ರು."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಅವಳಿಗೆ ಆ ಹೊತ್ತು ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ತನ್ನ ಮೇಲೆ ತನಗೇ ಅಸಹ್ಯವಾಯಿತು.

ಏನೇ ಇದು ನಿನಗೆ? ಯಾವ ಕೆಲಸಕ್ಕೆ ಬಂದವಳು, ಏನು ಮಾಡ್ತಾ ಇದ್ದೀಯ?

ಒಂದು ಮಧ್ಯಾಹ್ನ ಅವಳಿಗೆ ಜ್ವರ ಬಂದಾಗ ಅವನು ಶೂಟಿಂಗನ್ನೇ ನಿಲ್ಲಿಸಿದ. ಶೆಡ್ಡಿನ ಬೆಂಚಿನ ಮೇಲೆ ತನ್ನ ಜಾಕೆಟ್ ಹಾಸಿ ಮಲಗಿಸಿದ. ಮಾತ್ರೆ ತಂದುಕೊಟ್ಟು, "ನೀವಿಲ್ಲದೆ ಇದ್ರೆ ಪಕ್ಕದ ಸೀಟಲ್ಲಿ ಬರೀ ಮರಳಿನ ಚೀಲ ಕೂತ ಹಾಗಿರುತ್ತೆ," ಎಂದ. ಹೊಗಳಿದನೋ, ಆಡಿಕೊಂಡನೋ ತಿಳಿಯದೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣು ತುಂಬಿ ಬಂತು. ಒಳ್ಳೆಯವನ ಹಾಗೆ ಇರಬೇಡ... ದಯವಿಟ್ಟು ಹಾಗಿರಬೇಡ. ನಿನ್ನನ್ನು ಹಾಳು ಮಾಡುವುದಕ್ಕೆ ನನಗೆ ಬಲ ಬೇಕು!

ಬಲ ಕೊಟ್ಟದ್ದು ಮನೆ. ಅವತ್ತು ಸಂಜೆ ಅಡುಗೆಮನೆಯ ನಲ್ಲಿ ಕಿತ್ತುಹೋಗಿ ನೀರು ಹಾರುತ್ತಿತ್ತು. ಅಪ್ಪ ಅದರ ಎದುರು ಕೈಕಟ್ಟಿ ನಿಂತಿದ್ದರು. "ಯಾರನ್ನಾದ್ರೂ ಕರೀರಿ. ನಾನು ಮುಟ್ಟಿದ್ರೆ ಇನ್ನೂ ಹಾಳಾಗುತ್ತೆ," ಎಂದರು. ಇಂಜಿನ್ ಕಟ್ಟಿದ ಕೈ ಒಂದು ನಲ್ಲಿಗೆ ಹೆದರುತ್ತಿತ್ತು!

ಅವಳು ಹಲ್ಲು ಕಚ್ಚಿಕೊಂಡು ನಲ್ಲಿ ಸರಿಮಾಡಿದಳು. ಅವಳ ಮನಸ್ಸೂ ಗಟ್ಟಿಯಾಯಿತು.

'ಒಂದು ಲೀಟರ್ ಓಟ' ಹತ್ತಿರ ಬಂದಿತ್ತು. ಕಾರಿನ ಹುಚ್ಚರೆಲ್ಲ ವರ್ಷಕ್ಕೊಮ್ಮೆ ಸೇರುವ ಪಂದ್ಯ ಅದು. ಒಂದೇ ಒಂದು ಲೀಟರ್ ಪೆಟ್ರೋಲ್ ಕೊಡುತ್ತಾರೆ, ಟ್ರ್ಯಾಕಿನಲ್ಲಿ ಒಂದು ಸುತ್ತು ಅಂದರೆ ಒಂದು ಕಿಲೋಮೀಟರ್. ಯಾರ ಕಾರು ಹೆಚ್ಚು ಸುತ್ತು ಹೊಡೆಯುತ್ತದೋ ಅವರು ಗೆದ್ದಂತೆ.

ಅವಳು ಮೊದಲು ಮಾತಿನ ಬಲೆ ಬೀಸಿದಳು, ಅದೂ ಕ್ಯಾಮೆರಾ ಓಡುತ್ತಿದ್ದಾಗ. "ಊರಿನ ಕಾರಿಗೆಲ್ಲ ಅಂಕ ಕೊಡ್ತೀರಿ. ಓಟದಲ್ಲಿ ನೀವು ಸೋತ್ರೆ ನಿಮಗ್ಯಾರು ಅಂಕ ಕೊಡ್ತಾರೆ ಲೀಟರ್?"

ಅವನು ಅವಳನ್ನೇ ನೋಡಿದ. ನಗಲಿಲ್ಲ.

"ಸರಿ ಹಾಗಾದ್ರೆ. ಈ ಸಲ ನಾನು ಗೆಲ್ಲದಿದ್ರೆ ಇನ್ನು ಮುಂದೆ ಕಾರಿನ ಬಗ್ಗೆ ಬಾಯಿ ಬಿಡಲ್ಲ. ಕಾರ್ಯಕ್ರಮ ಬಂದ್. ಮಾತು ಅಂದ್ರೆ ಮಾತು!"

ಬಿದ್ದ! ಅವಳ ಒಳಗು ಕೇಕೆ ಹಾಕಿತು.

"ಯಾವ ಕಾರು ತಗೊಂಡು ಹೋಗ್ತೀರಿ?"

"ಅದು ಅವತ್ತೇ ಗೊತ್ತಾಗುತ್ತೆ," ಎಂದನಷ್ಟೇ.

ಯಾವ ಕಾರಾದರೇನು! ಗಾಳಿ ನೋಡುವುದು ಆ ಗೇಜಿನಲ್ಲೇ ಅಲ್ಲವೇ?

ಓಟದ ಹಿಂದಿನ ದಿನ ಅವನು ಊಟಕ್ಕೆ ಹೋದಾಗ ಅವಳು ಗೇಜಿನ ಗಾಜು ಬಿಚ್ಚಿದಳು. ಒಳಗಿನ ಪುಟ್ಟ ಕೊಂಡಿಯನ್ನು ಕೂದಲೆಳೆಯಷ್ಟು ಸರಿಸಿದಳು. ಈಗ ಸುಮ್ಮನಿದ್ದಾಗ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ, ಯಾರಿಗೂ ಅನುಮಾನವಿಲ್ಲ. ಗಾಳಿ ತಾಗಿದರೆ ಮಾತ್ರ ಅವಸರವಾಗಿ ಮುಂದೋಡುತ್ತದೆ. ಟೈರಿನಲ್ಲಿ ಗಾಳಿ ಇಪ್ಪತ್ತೈದೇ ಇದ್ದರೂ ಬೇಕಾದ ಮೂವತ್ತಮೂರನ್ನೇ ತೋರಿಸುತ್ತದೆ. ಮೆತ್ತಗಿನ ಟೈರು ರಸ್ತೆಗೆ ಅಂಟಿಕೊಂಡು ಪೆಟ್ರೋಲ್ ಕುಡಿಯುತ್ತದೆ.

ಗೇಜ್ ಬಿಚ್ಚುವುದನ್ನು ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಅಪ್ಪನೇ. ಗಾಜು ಮುಚ್ಚುವ ಅವಸರದಲ್ಲಿ ಒಳಗಿನ ಸುರುಳಿ ಒಂದು ಚೂರು ಬಾಗಿತು. ಅವಳು ಅದನ್ನು ನೋಡಿಯೂ ಮುಚ್ಚಿಬಿಟ್ಟಳು.

ಮರುದಿನ ಬೆಳಗ್ಗೆ ಟ್ರ್ಯಾಕಿನ ಸುತ್ತ ಜನವೋ ಜನ. ಕಾರುಗಳು ಒಂದೊಂದಾಗಿ ಬಂದು ಸಾಲಿನಲ್ಲಿ ನಿಂತವು. ಸಾಲಿಗೆ ಬಂದ ಕಾರನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಓಡಬಹುದು, ಆದರೆ ಪಂದ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅಲ್ಲಿನ ಕಟ್ಟುನಿಟ್ಟು.

ಕೊನೆಗೆ ಲೀಟರ್ ಬಂದ.

ಅವಳು ಕತ್ತು ಚಾಚಿ ಕಾರು ನೋಡಿದಳು.

ಪುಟ್ಟ ಮೈ. ದುಂಡು ಕಣ್ಣಿನ ಹಾಗಿರುವ ದೀಪಗಳು. ಕಂದು ಬಣ್ಣ.

ಗುಬ್ಬಿ!

ಜನ ಗೊಳ್ಳೆಂದು ನಕ್ಕರು. "ಬಕಾಸುರ ಬಂದ! ಬಕಾಸುರ ಬಂದ!"

ಲೀಟರ್ ಕಾರಿನಿಂದ ಇಳಿದು ಮೈಕು ಹಿಡಿದ. ಕ್ಯಾಮೆರಾ ನೇರ ಪ್ರಸಾರದಲ್ಲಿತ್ತು.

"ನಗಬೇಡಿ. ಈ ಹೆಸರಿಟ್ಟೋನು ನಾನೇ," ಎಂದ. "ಎರಡು ತಿಂಗಳ ಹಿಂದೆ ಹಳೇ ಕಾರುಗಳ ಮಳಿಗೇಲಿ ಈ ಗುಬ್ಬಿ ಸಿಕ್ತು. ಯಾರಿಗೂ ಹೇಳದೆ ತಂದು ಓಡಿಸ್ದೆ. ಇಪ್ಪತ್ತಮೂರು ಬಂತು! ನಂಗೆ ತಲೆ ಕೆಟ್ಟುಹೋಯ್ತು. ನನ್ನ ಹಳೇ ವಿಡಿಯೊನ ನಿಲ್ಲಿಸಿ ನಿಲ್ಲಿಸಿ ನೋಡ್ದೆ. ಅವತ್ತು ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ ಹೋಗಿರಲಿಲ್ಲ. ಲಿವರ್ ಟಕ್ ಟಕ್ ಅಂತ ಏರುತ್ತಲ್ಲ, ಆ ಹಲ್ಲುಗಳಲ್ಲಿ ಒಂದು ಹಲ್ಲು ಮೇಲೇ ನಿಂತಿತ್ತು. ಗುಬ್ಬೀಲಿ ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಹತ್ತೋದು ಎರಡನೇ ಹಲ್ಲಿಗೆ. ದೀಪ ನೋಡಿದೆ, ಹತ್ತಿರಲಿಲ್ಲ, ಕೈಯಿಂದ ಒತ್ತಿ ನೋಡಲಿಲ್ಲ. ಪರೀಕ್ಷೆ ಪೂರ್ತಿ ಬ್ರೇಕ್ ಉಜ್ಜಿಕೊಂಡೇ ಓಡಿಸಿದ್ದೀನಿ ಸ್ವಾಮಿ!"

ನಗುತ್ತಿದ್ದವರೆಲ್ಲ ಹಗ್ಗದ ಹತ್ತಿರಕ್ಕೆ ಸರಿದು ಬಂದರು.

"ಬಾಯಲ್ಲಿ ತಪ್ಪಾಯ್ತು ಅಂದ್ರೆ ಯಾರೂ ನಂಬಲ್ಲ. ನಾನು ಹಾಳು ಮಾಡಿದ್ದು ಅಂಕಿ ಇಟ್ಟು. ಸರಿ ಮಾಡೋದೂ ಅಂಕಿ ಇಟ್ಟೇ. ಇದನ್ನ ಕಟ್ಟಿದ ಹಿರಿಯರು ಎಲ್ಲಿದ್ರೂ ಇವತ್ತು ನೋಡಬೇಕು, ಅಷ್ಟೇ ನನ್ನ ಆಸೆ."

ಅವಳು ಮುಂದಿದ್ದ ಹಗ್ಗ ಹಿಡಿದುಕೊಂಡಳು. ಲಂಚವಲ್ಲ... ದೊಡ್ಡ ಕಂಪನಿಯಲ್ಲ... ಒಂದು ಹಲ್ಲು! ಒಂದೇ ಒಂದು ಹಲ್ಲು!

ಅಯ್ಯೋ, ಆ ಗೇಜ್!

ಮೂವತ್ತಮೂರು ಎಂದು ತೋರಿಸಿ ಇಪ್ಪತ್ತೈದು ತುಂಬಿಸಿರುವ ಟೈರಿನ ಮೇಲೆ ಈಗ ನಿಂತಿರುವುದು ಅಪ್ಪನ ಕಾರು. ಮನೆಯಲ್ಲಿ ಅಮ್ಮ ಖಂಡಿತ ಮೊಬೈಲನ್ನು ಅಪ್ಪನ ಮುಖಕ್ಕೆ ಹಿಡಿದಿರುತ್ತಾಳೆ. ಗುಬ್ಬಿ ಮತ್ತೆ ಸೋಲುತ್ತದೆ, ಅದೇ ಜನರೆದುರು. ಈ ಸಲ ಸೋಲಿಸುವುದು ಮಗಳು.

ಸುಮ್ಮನಿದ್ದರೆ ಅವನು ಸೋಲುತ್ತಾನೆ, ಅವನ ಬಾಯಿಗೆ ಶಾಶ್ವತವಾಗಿ ಬೀಗ. ಮೂರು ವರ್ಷ ಬೇಡಿಕೊಂಡದ್ದು ಕೈಗೆ ಬಂದಿತ್ತು! ಒಂದು ಕ್ಷಣ... ಹೌದು, ಒಂದು ಕ್ಷಣ ಅವಳು ನಿಂತೇ ಇದ್ದಳು. ಆಮೇಲೆ ಹಗ್ಗ ದಾಟಿ ಓಡಿದಳು.

"ಹೊರಡಬೇಡಿ! ಟೈರಲ್ಲಿ ಗಾಳಿ ಇಲ್ಲ!"

"ಮೂವತ್ತಮೂರಿದೆ. ಸಾಲಿಗೆ ಬರೋ ಮುಂಚೆ ನಾನೇ ನೋಡಿದೀನಿ," ಎಂದ ಅವನು ಸ್ಟೀರಿಂಗ್ ಹಿಡಿದೇ.

"ಗೇಜ್ ಸುಳ್ಳು ಹೇಳ್ತಿದೆ. ನಾನೇ ಬಿಚ್ಚಿ ಕೆಡಿಸಿದ್ದು."

"ಏನು? ಯಾಕೆ?"

"ನಾನು ಬಕಾಸುರನ ಅಪ್ಪನ ಮಗಳು! ಅದಕ್ಕೆ!"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಜೇಬಿನಿಂದ ಗೇಜ್ ತೆಗೆದು ಅದರ ಮುಖ ನೋಡಿದ. ಮಾತಾಡಿದಾಗ ದನಿ ಏರಲಿಲ್ಲ.

"ನನ್ನ ಮೇಲೆ ಕೋಪ ಇದ್ರೆ ನನ್ನ ಕೆನ್ನೆಗೆ ಬಾರಿಸಬಹುದಿತ್ತು. ಮಾವನ ಗೇಜ್... ಸತ್ತೋರ ಮಾತನ್ನ ಯಾಕೆ ಸುಳ್ಳು ಮಾಡಿದ್ರಿ?"

"ಬದುಕಿರೋರ ಮಾತನ್ನ ನೀವು ಸುಳ್ಳು ಮಾಡಲಿಲ್ವಾ?" ಅವಳು ಕಿರುಚಿಯೇಬಿಟ್ಟಳು. "ಮೂರು ವರ್ಷ ಆಯ್ತು! ನಮ್ಮಪ್ಪ ಒಂದು ನಲ್ಲಿ ಮುಟ್ಟೋಕೂ ಹೆದರ್ತಾರೆ ಗೊತ್ತಾ? ನೀವು ಒಂದು ಹಲ್ಲು ಮರೆತ್ರಿ, ಅವರು ತಮ್ಮನ್ನೇ ಮರೆತ್ರು!"

ಅವನು ತಲೆ ತಗ್ಗಿಸಿದ. ಅಷ್ಟು ಜನರ ಎದುರು. ಅವಳು ಕನಸು ಕಂಡ ದೃಶ್ಯ ಅದೇ, ಆದರೆ ನೋಡಲಾಗಲಿಲ್ಲ.

"ಗಾಳಿ ತುಂಬಿಸಿ," ಎಂದ ಕೆಳಗಿಳಿದು.

"ಮುಟ್ಟಿದ್ರೆ ಲೆಕ್ಕಕ್ಕೆ ಹಿಡಿಯಲ್ಲ. ನೀವು ಸೋತ ಹಾಗೆ. ಮಾತು ಕೊಟ್ಟಿದ್ದೀರಿ..."

"ಮಾತು ಕೊಟ್ಟಿದ್ದು ನಾನು. ಅದಕ್ಕೆ ಕಾರು ಯಾಕೆ ಸೋಲಬೇಕು?"

ಅವಳು ಪಕ್ಕದವರ ಗೇಜ್ ಎರವಲು ತಂದು, ಅಳುತ್ತಲೇ ನಾಲ್ಕೂ ಟೈರಿಗೆ ಗಾಳಿ ತುಂಬಿದಳು. ಪಂದ್ಯದವರು ಕೆಂಪು ಬಾವುಟ ಎತ್ತಿ ಅವನ ಹೆಸರನ್ನು ಫಲಕದಿಂದ ಅಳಿಸಿದರು. ಅವನು ಹ್ಯಾಂಡ್‌ಬ್ರೇಕನ್ನು ಕೈಯಾರೆ ಒತ್ತಿ ನೋಡಿ ಹೊರಟ.

ಲೆಕ್ಕಕ್ಕಿಲ್ಲದ ಆ ಕಾರನ್ನು ಮೊದಮೊದಲು ಯಾರೂ ನೋಡಲಿಲ್ಲ. ಹದಿನೈದನೇ ಸುತ್ತು ದಾಟಿದಾಗ ನಾಲ್ಕು ಜನ ತಿರುಗಿದರು. ಇಪ್ಪತ್ತೆರಡು ದಾಟಿದಾಗ ಎಲ್ಲರೂ ಎದ್ದು ನಿಂತರು. ಪಂದ್ಯ ಗೆದ್ದ ಕಾರು ಇಪ್ಪತ್ತೈದಕ್ಕೆ ನಿಂತಿತ್ತು. ಗುಬ್ಬಿ ಇನ್ನೂ ಓಡುತ್ತಿತ್ತು. ಇಪ್ಪತ್ತಾರು... ಇಪ್ಪತ್ತೇಳು! ಸುತ್ತಿನ ಗೆರೆ ದಾಟಿ ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅವಳ ಮೊಬೈಲ್ ಬಡಿದುಕೊಂಡಿತು. ಅಮ್ಮ.

"ಪುಟ್ಟೀ... ನಿಮ್ಮಪ್ಪ ಎದ್ದು ಹೊರಗೆ ಹೋದ್ರು ಕಣೇ! ಏನೂ ಮಾತಾಡಲಿಲ್ಲ. ನೋಡ್ತೀನಿ, ಕಾರಿನ ಮುಸುಕು ತೆಗೀತಾ ಇದ್ದಾರೆ!"

ಅಮ್ಮ ಅಳುತ್ತಿದ್ದಳು. ಇತ್ತ ಅವಳೂ ಅತ್ತಳು. ತಿರುಗಿ ನೋಡುವಷ್ಟರಲ್ಲಿ ಅವನು ಎದುರಿಗಿದ್ದ.

"ನೀವು ಗೆದ್ರಿ," ಎಂದು ಹಿತ್ತಾಳೆ ಗೇಜನ್ನು ಅವಳ ಕೈಗಿಟ್ಟ. "ಇದನ್ನ ನೋಡಿದ್ರೆ ನಂಗೆ ಸಂಕಟ ಆಗುತ್ತೆ. ನೀವೇ ಇಟ್ಕೊಳ್ಳಿ."

ಹೊರಟುಹೋದ. ಹಿಂತಿರುಗಿ ನೋಡಲಿಲ್ಲ.

ಆ ವಾರವೇ ಅವನ ಕಾರ್ಯಕ್ರಮ ನಿಂತಿತು. ಒಂದೇ ಸಾಲಿನ ಪ್ರಕಟಣೆ: ಮಾತು ಕೊಟ್ಟಿದ್ದೆ, ನಡೆಸಿದ್ದೇನೆ. ಅವಳು ಬಯಸಿದ್ದೆಲ್ಲ ಒಂದೂ ಬಿಡದೆ ನಡೆದಿತ್ತು. ಆದರೂ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸೇಡು ತೀರಿಸಿಕೊಂಡವಳ ಮುಖ ಹೀಗಾ ಇರುವುದು?

ಗೇಜನ್ನು ಬಿಚ್ಚಿ ಸರಿಮಾಡಲು ನೋಡಿದಳು. ಕೊಂಡಿಯೇನೋ ಜಾಗಕ್ಕೆ ಬಂತು, ಆದರೆ ಬಾಗಿದ ಸುರುಳಿ ಹಟ ಬಿಡಲಿಲ್ಲ. ಮುಳ್ಳು ಒಮ್ಮೆ ಮೂವತ್ತು, ಒಮ್ಮೆ ಮೂವತ್ತೆಂಟು. ಊಟದ ಮೇಜಿನ ಮೇಲೆ ತಲೆಯಿಟ್ಟು ಅತ್ತೇಬಿಟ್ಟಳು. ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಮುಚ್ಚುಮರೆ ಮಾಡಲಿಲ್ಲ.

ಅಪ್ಪ ಪೇಪರ್ ಮಡಿಚಿಟ್ಟರು.

"ಆ ದೀಪ ಎರಡನೇ ಹಲ್ಲಿಗೆ ಹತ್ತೋ ಹಾಗೆ ಇಟ್ಟಿದ್ದು ನಾನೇ ಕಣೇ," ಎಂದರು ಮೆಲ್ಲಗೆ. "ಮೊದಲನೇ ಹಲ್ಲಿಗೇ ಇಡಬೇಕಿತ್ತು. ಇಡೀ ಇಂಜಿನ್ ಬಿಚ್ಚಿ ನೋಡ್ದೆ, ದೀಪ ನೋಡಲಿಲ್ಲ. ಅವನೊಬ್ಬಂದೇ ತಪ್ಪಲ್ಲ."

ಆಮೇಲೆ ಕೈಚಾಚಿದರು. "ಎಲ್ಲಿ, ಕೊಡು ಇಲ್ಲಿ. ನನ್ನ ಸಣ್ಣ ಚಿಮಟ ಎಲ್ಲಿಟ್ಟಿದ್ದೀಯ?"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ಹಾಗೇ ನಿಂತಳು.

ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಲೀಟರ್. ಗಡ್ಡ ಬೆಳೆದಿತ್ತು, ಅರ್ಧ ನಗು ಎಲ್ಲೋ ಕಳೆದುಹೋಗಿತ್ತು.

"ಯಜಮಾನರನ್ನ ನೋಡಬೇಕಿತ್ತು. ಕ್ಯಾಮೆರಾ ಎದುರು ಹೇಳ್ದೆ, ಮುಖ ನೋಡಿ ಹೇಳಿಲ್ಲ," ಎಂದ ಅವಳ ಕಡೆ ನೋಡದೆ.

ಅಪ್ಪ ಒಳಗಿನಿಂದಲೇ ಕೂಗಿದರು. "ಬಾಪ್ಪಾ, ಬಾ! ಸರಿಯಾದ ಹೊತ್ತಿಗೆ ಬಂದೆ. ಹೊರಗೆ ನಿಂತಿದೆಯಲ್ಲ ಗುಬ್ಬಿ, ಅದರ ಟೈರಿಗೆ ಇದನ್ನ ಹಿಡಿದು ನೋಡು."

ಅವನ ಕೈಗೆ ಹಿತ್ತಾಳೆ ಗೇಜ್ ಬಂತು. ಅವನು ಬಗ್ಗಿ ಟೈರಿಗೆ ಹಿಡಿದ. ಮುಳ್ಳು ಎದ್ದು ಮೂವತ್ತಮೂರಕ್ಕೆ ಬಂದು ಅಲ್ಲಾಡದೆ ನಿಂತಿತು. ಅಪ್ಪ ಹೊಸದಾಗಿ ತಂದ ಇನ್ನೊಂದು ಗೇಜ್ ಕೊಟ್ಟರು. ಅದೂ ಮೂವತ್ತಮೂರು.

"ನಿಮ್ಮ ಮಾವ ಹೇಳಿದ್ದು ನಿಜ. ಅದು ಸುಳ್ಳು ಹೇಳಲ್ಲ," ಎಂದರು ಅಪ್ಪ. "ಬಕಾಸುರನ ಅಪ್ಪಂದೇ ಗ್ಯಾರಂಟಿ!"

ಅವನು ಕೂತಲ್ಲೇ ಅಪ್ಪನ ಎರಡೂ ಕೈ ಹಿಡಿದುಕೊಂಡ. ಅಪ್ಪನೇ ಅವನ ಬೆನ್ನು ತಟ್ಟಿ ಗುಬ್ಬಿಯ ಕೀ ಕೊಟ್ಟರು. "ಹೋಗಿ, ಇಬ್ಬರೂ ಒಂದು ಸುತ್ತು ಹಾಕಿ ಬನ್ನಿ. ಮೂರು ವರ್ಷ ನಿಂತಿದೆ, ಸದ್ದು ಹೇಗಿದ್ಯೋ ಕೇಳಿ ಹೇಳಿ." ಅಮ್ಮ ಅಪ್ಪನನ್ನು ಎಳೆದುಕೊಂಡು ಒಳಗೆ ಹೋದಳು. ಮಿಕ್ಸಿ ರಿಪೇರಿ ಇತ್ತಂತೆ!

ಕಾರಿನಲ್ಲಿ ಇಬ್ಬರೇ. ನಿಂತಲ್ಲೇ ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು.

"ನನ್ನ ಕೋಪ ಪೂರ್ತಿ ಹೋಗಿಲ್ಲ," ಎಂದಳು ಅವಳು.

"ನಂದೂ," ಎಂದ ಅವನು.

"ಕಾರ್ಯಕ್ರಮ ಮತ್ತೆ ಶುರು ಮಾಡಿ. ನನ್ನಿಂದ ಸೋತ್ರಿ, ನೀವಾಗಿ ಅಲ್ಲ."

"ಇಲ್ಲ. ಕಾರಿನ ಬಗ್ಗೆ ಮಾತಾಡಲ್ಲ ಅಂದಿದೀನಿ, ಆಡಲ್ಲ." ಆಮೇಲೆ ಕೇಳಿದ, "ಬೇರೆ ವಿಷಯ ಮಾತಾಡಬಹುದಾ?"

"ಯಾವ ವಿಷಯ?"

"ನಿಮ್ಮ ವಿಷಯ. ಬಂಕಿನಲ್ಲಿ ನನ್ನ ಮೈಮೇಲೆ ಬಂದ್ರಲ್ಲ, ಅವತ್ತಿಂದ ಬೇರೆ ವಿಷಯಾನೇ ತಲೇಲಿಲ್ಲ. ಇಷ್ಟು ಸೇಡಿಟ್ಕೊಂಡಿದ್ರೂ ನನ್ನ ಪಕ್ಕ ಕೂತು ನಗು ತಡೀತಿದ್ರಿ ನೋಡಿ... ಅದನ್ನ ನೋಡೋಕೇ ಅಷ್ಟೆಲ್ಲ ಮಾತಾಡ್ತಿದ್ದೆ. ಪಕ್ಕದ ಸೀಟಲ್ಲಿ ನೀವೇ ಬೇಕು. ಬರೀ ಟೆಸ್ಟಿಗಲ್ಲ, ಜೀವನ ಪೂರ್ತಿ."

ಅವಳ ಕಣ್ಣು ತುಂಬಿತು. ಅವನು ಗೇರ್ ಹಾಕಲು ಹೋದ.

"ನಿಲ್ಲಿ! ಹ್ಯಾಂಡ್‌ಬ್ರೇಕ್?"

"ಇಳಿಸಿದೀನಿ. ದೀಪ ಆರಿದೆ."

"ದೀಪ ನೋಡೋರನ್ನ ನಾನು ನಂಬಲ್ಲ."

ಅವಳು ಕೈಯಿಟ್ಟು ಒತ್ತಿದಳು. ಟಕ್! ಒಂದು ಹಲ್ಲು ಉಳಿದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನ ಮುಖ ಕೆಂಪಾಯಿತು. ಅವಳು ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ, ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತಲೇ ಅತ್ತಳು.

ಲಿವರ್ ಮೇಲಿದ್ದ ಅವಳ ಕೈಯ ಮೇಲೆ ಅವನು ಮೆಲ್ಲಗೆ ಕೈಯಿಟ್ಟ.

"ಇನ್ನೂ ಏನಾದ್ರೂ ಉಳಿದಿದ್ಯಾ?" ಎಂದು ಕೇಳಿದ.

"ಇಲ್ಲ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ಪೂರ್ತಿ ಇಳಿದಿದೆ. ಹೊರಡಿ."